ನಾಲ್ಕು ವರ್ಷದ ಅಧಿಕಾರ, ನಲವತ್ತು ವರ್ಷದ ಸೇವೆ

ಪ್ರತಿ ವರ್ಷ ಜನವರಿ 15ರಂದು ದೇಶ ಸೇನಾ ದಿನ ಆಚರಿಸುತ್ತದೆ. 1949ರಲ್ಲಿ ಅದೇ ದಿನ ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಭಾರತೀಯ ಸೇನೆಯ ಹೊಣೆ ವಹಿಸಿಕೊಂಡವರು ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪ. ಸೇನೆಯ ಮೊದಲ ಭಾರತೀಯ ಮುಖ್ಯಸ್ಥರೆಂದು ನಾವೆಲ್ಲ ಅವರನ್ನು ಬಲ್ಲೆವು. ಆದರೆ ಆ ಕುರ್ಚಿಯಲ್ಲಿ ಅವರು ಕೂತದ್ದು ನಾಲ್ಕೇ ವರ್ಷ. 1953ರ ಜನವರಿಯಲ್ಲಿ ನಿವೃತ್ತರಾದ ಮೇಲೆ ನಲವತ್ತು ವರ್ಷ ಬಾಳಿದರು. ಅವರ ದೊಡ್ಡತನದ ನಿಜವಾದ ಅಳತೆ ಸಿಗುವುದು ಈ ನಲವತ್ತು ವರ್ಷಗಳಲ್ಲಿ.

ಕಂದಾಯ ಇಲಾಖೆಯ ನೌಕರರ ಮನೆಯಲ್ಲಿ 1899ರಲ್ಲಿ ಹುಟ್ಟಿದ ಹುಡುಗನಿಗೆ ಮನೆಯವರು ಕರೆಯುತ್ತಿದ್ದ ಹೆಸರು ಚಿಮ್ಮ. ಮಡಿಕೇರಿಯಲ್ಲಿ ಶಾಲೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು. ಮೊದಲ ಮಹಾಯುದ್ಧದ ಕೊನೆಗೆ ಭಾರತೀಯರಿಗೂ ಅಧಿಕಾರಿಯಾಗುವ ಬಾಗಿಲು ತೆರೆದಾಗ ಇಂದೋರಿನಲ್ಲಿ ತರಬೇತಿ ಪಡೆದ ಮೊದಲ ತಂಡದಲ್ಲಿ ಅವರಿದ್ದರು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ, ಬೆಟಾಲಿಯನ್ ಒಂದನ್ನು ಮುನ್ನಡೆಸಿದ ಮೊದಲ ಭಾರತೀಯ ಕೂಡ ಅವರೇ. 1948ರ ಕಾಶ್ಮೀರ ಯುದ್ಧದಲ್ಲಿ ಜೊಜಿಲಾ ಕಣಿವೆಯ ಹಿಮದೆತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿ, ದ್ರಾಸ್ ಮತ್ತು ಕಾರ್ಗಿಲ್ ಮರಳಿ ಪಡೆದ ಕಾರ್ಯಾಚರಣೆ ನಡೆದದ್ದು ಅವರು ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿದ್ದಾಗ. ಜಾತಿ, ಪ್ರಾಂತ್ಯದ ಲೆಕ್ಕದಲ್ಲೇ ರೆಜಿಮೆಂಟುಗಳು ಹೆಚ್ಚಾಗಿದ್ದ ಕಾಲದಲ್ಲಿ, ಎಲ್ಲ ಕಡೆಯ ಯೋಧರೂ ಒಟ್ಟಿಗೆ ನಿಲ್ಲುವ ಗಾರ್ಡ್ಸ್ ಪಡೆಯನ್ನು 1949ರಲ್ಲಿ ಕಟ್ಟಿದವರೂ ಅವರು.

ನಿವೃತ್ತಿಯ ನಂತರ 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಭಾರತದ ಹೈಕಮಿಷನರ್ ಆಗಿದ್ದರು. ಅಲ್ಲಿಂದ ಮರಳಿದವರು ಮಡಿಕೇರಿಯ ತಮ್ಮ ‘ರೋಷನಾರಾ’ ಮನೆಯಲ್ಲಿ ನೆಲೆಸಿದರು. ಹಾಗೆಂದು ಸುಮ್ಮನೆ ಕೂರಲಿಲ್ಲ. ಅವರ ಗಮನವೆಲ್ಲ ನೆಟ್ಟದ್ದು ಮಾಜಿ ಸೈನಿಕರ ಮೇಲೆ.

ಮಾಜಿ ಸೈನಿಕರ ಕಷ್ಟವನ್ನು ಹೊರಗಿನವರು ಬೇಗ ಗುರುತಿಸುವುದಿಲ್ಲ. ಬೇರೆ ಸರ್ಕಾರಿ ನೌಕರ ಅರವತ್ತರ ಹತ್ತಿರ ಮನೆಗೆ ಬಂದರೆ, ಸೇನೆಯ ಜವಾನ ಸಾಮಾನ್ಯವಾಗಿ ನಲವತ್ತು ತುಂಬುವ ಮೊದಲೇ ಬರುತ್ತಾನೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ತಂದೆತಾಯಿ ಮುದುಕರಾಗಿರುತ್ತಾರೆ. ಪಿಂಚಣಿ ಒಂದರಲ್ಲೇ ಮನೆ ನಡೆಯದು, ಎರಡನೆಯ ಕೆಲಸ ಹುಡುಕಲೇಬೇಕು. ಯೋಧ ತೀರಿಕೊಂಡರೆ ಅವನ ಹೆಂಡತಿ ಪಿಂಚಣಿ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಇವರೆಲ್ಲರ ಪರವಾಗಿ ಮಾತಾಡುವ ಒಂದು ಸಂಘಟನೆ ಬೇಕೆಂದು 1964ರಲ್ಲಿ ಕಾರ್ಯಪ್ಪನವರು ಅಖಿಲ ಭಾರತ ಮಟ್ಟದ ಮಾಜಿ ಸೈನಿಕರ ಲೀಗ್ ಸ್ಥಾಪಿಸಿದರು. ದಂಡನಾಯಕರಾಗಿದ್ದವರು ಸಿಪಾಯಿಯ ಅರ್ಜಿಯನ್ನು ತಮ್ಮದೇ ಕೆಲಸವೆಂದು ಎತ್ತಿಕೊಂಡದ್ದು ಸಣ್ಣ ಮಾತಲ್ಲ.

ಮರುವರ್ಷವೇ ಅವರ ಮನೆಗೇ ಯುದ್ಧ ಬಂತು. 1965ರ ಸೆಪ್ಟೆಂಬರಿನಲ್ಲಿ, ಭಾರತ-ಪಾಕಿಸ್ತಾನ ಯುದ್ಧ ಮುಗಿಯುವ ಹೊತ್ತಿಗೆ, ವಾಯುಪಡೆಯಲ್ಲಿದ್ದ ಮಗ ನಂದಾ ಕಾರ್ಯಪ್ಪ ಅವರ ಹಂಟರ್ ವಿಮಾನ ಉರುಳಿ ಅವರು ಪಾಕಿಸ್ತಾನದ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮೊದಲು ಕಾರ್ಯಪ್ಪನವರೊಡನೆ ಸೇವೆ ಮಾಡಿದ್ದವರು. ಮಗನನ್ನು ಬಿಟ್ಟುಕೊಡುವ ಮಾತು ಅವರ ಕಡೆಯಿಂದ ಬಂತು. ಸೆರೆಯಲ್ಲಿರುವ ಎಲ್ಲ ಯೋಧರೂ ನನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಸವಲತ್ತು ಬೇಡ ಎಂದು ತಂದೆ ನಿರಾಕರಿಸಿದರು. ಮಗ ಉಳಿದ ಸೆರೆಯಾಳುಗಳೊಂದಿಗೇ ಮರಳಿದರು.

1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಸೋಲಿನಿಂದ ಅವರ ಸಾರ್ವಜನಿಕ ಬದುಕೇನೂ ನಿಲ್ಲಲಿಲ್ಲ. 1986ರಲ್ಲಿ ಫೀಲ್ಡ್ ಮಾರ್ಷಲ್ ಗೌರವ ಅವರನ್ನು ಹುಡುಕಿಕೊಂಡು ಬಂತು. ಭಾರತದಲ್ಲಿ ಅದನ್ನು ಪಡೆದವರು ಅವರು ಮತ್ತು ಸ್ಯಾಮ್ ಮಾಣೆಕ್‌ಷಾ ಇಬ್ಬರೇ. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮಡಿಕೇರಿಯಲ್ಲಿ ನಡೆಯಿತು. ಅಲ್ಲಿನ ಕಾಲೇಜೊಂದು ಇಂದು ಅವರ ಹೆಸರನ್ನೇ ಹೊತ್ತಿದೆ.

ಸೈನಿಕರೆಂದರೆ ಕೊಡಗು ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಆದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳ ನಡುವಿನ ಮನೆಗಳಿಂದಲೂ ಸೇನೆಗೆ ಹೋದವರಿದ್ದಾರೆ, ಹೋಗುತ್ತಿರುವವರಿದ್ದಾರೆ. ಮರಳಿ ಬಂದವರಿಗೆ ನೆರವಾಗಲೆಂದೇ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. 1949ರಿಂದ ಪ್ರತಿ ಡಿಸೆಂಬರ್ 7ರಂದು ನಡೆಯುವ ಧ್ವಜ ದಿನದಲ್ಲಿ ಸಂಗ್ರಹವಾಗುವ ಹಣ ಯೋಧರ ಕುಟುಂಬಗಳಿಗೆ, ಗಾಯಾಳುಗಳಿಗೆ, ಮಾಜಿ ಸೈನಿಕರಿಗೆ ಸಲ್ಲುತ್ತದೆ. ಅಂದು ಅಂಗಿಗೆ ಹಚ್ಚಿಕೊಳ್ಳುವ ಪುಟ್ಟ ಬಾವುಟಕ್ಕೆ ಕೊಡುವ ದುಡ್ಡನ್ನು ದಾನವೆಂದು ಭಾವಿಸಬಾರದು, ಅದು ಋಣದ ಕಂತು.

ದುಡ್ಡಿಗಿಂತಲೂ ಮುಖ್ಯವಾದದ್ದು ಸಮಯ. ನಿಮ್ಮೂರಿನ ಮಾಜಿ ಸೈನಿಕರಿಗೆ ಪಿಂಚಣಿ ಕಾಗದ ಬರೆದುಕೊಡಿ. ಯೋಧನ ಪತ್ನಿಯೊಬ್ಬರು ಜಿಲ್ಲಾ ಕಚೇರಿಗೆ ಹೋಗಬೇಕಾಗಿದ್ದರೆ ಜೊತೆಗೆ ಹೋಗಿ. ಮಾಜಿ ಸೈನಿಕರನ್ನು ಆಗಸ್ಟ್ 15ರಂದು ಶಾಲೆಗೆ ಕರೆದು ಶಾಲು ಹೊದಿಸಿ ಕಳಿಸುವ ಬದಲು, ಅವರ ಶಿಸ್ತನ್ನೂ ಅನುಭವವನ್ನೂ ವರ್ಷವಿಡೀ ಮಕ್ಕಳಿಗೆ ದೊರಕಿಸಿ. ಸಮವಸ್ತ್ರ ಕಳಚಿದ ಮೇಲೂ ಹೊಣೆ ಮುಗಿಯುವುದಿಲ್ಲ ಎಂದು ಕಾರ್ಯಪ್ಪನವರು ಬದುಕಿ ತೋರಿಸಿದರು. ಸಮವಸ್ತ್ರವನ್ನೇ ತೊಡದ ನಮಗೂ ಅದರಲ್ಲಿ ಪಾಲಿದೆ.