ಕಬ್ಬಿನ ಗದ್ದೆಯ ಪಕ್ಕ ನಿಂತ ವ್ಯಾನಿಗೆ ಇಂಟರ್‌ನೆಟ್

ಅಡುಗೆ, ಹಾಸಿಗೆ, ಆಫೀಸು ಕೆಲಸ ಎಲ್ಲವನ್ನೂ ಕ್ಯಾಂಪರ್ ವ್ಯಾನಿಗೆ ತುಂಬಿಕೊಂಡು ಹೊರಡುವವರು ಮೊದಲು ಕೇಳುವುದು ಯಾವ ರೂಟರ್ ಕೊಳ್ಳಬೇಕು ಎಂದು. ವ್ಯಾನು ಯಾವ ನೆಲದ ಮೇಲೆ ನಿಲ್ಲುತ್ತದೆ ಎನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಮಂಡ್ಯ, ಮದ್ದೂರು, ಮಳವಳ್ಳಿಯ ನಡುವೆ ಒಂದು ಸುತ್ತು ಹಾಕಿದರೆ ಸಿಗ್ನಲ್ ಕೈಕೊಡುವ ಕಾರಣ ಊರಿಂದೂರಿಗೆ ಬದಲಾಗುವುದು ಕಾಣುತ್ತದೆ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಟವರುಗಳಿಗೆ ಬರವಿಲ್ಲ. ವೇಗದಿಂದ ಸಂಪರ್ಕ ಕೆಡುತ್ತದೆ ಎಂಬ ಭಯವೂ ಬೇಡ. ಗಂಟೆಗೆ 100 ಕಿ.ಮೀ. ವೇಗದಲ್ಲಿ 1800 ಮೆಗಾಹರ್ಟ್ಸ್ ಅಲೆಯ ಕಂಪನಾಂಕ ಸರಿದಾಡುವುದು 200 ಹರ್ಟ್ಸ್‌ಗಿಂತ ಕಡಿಮೆ. 4ಜಿಯ ಉಪವಾಹಕಗಳ ನಡುವಿನ ಅಂತರವೇ 15,000 ಹರ್ಟ್ಸ್. ತೊಡಕಾಗುವುದು ಒಂದು ಟವರಿನಿಂದ ಇನ್ನೊಂದಕ್ಕೆ ಫೋನು ದಾಟುವ ಕ್ಷಣದಲ್ಲಿ, ಜೊತೆಗೆ ವಾರಾಂತ್ಯದ ಜನಜಂಗುಳಿಯಲ್ಲಿ. ಮದ್ದೂರಿನಲ್ಲಿ ವಡೆ ತಿನ್ನಲು ನಿಂತವರೆಲ್ಲ ಒಂದೇ ಟವರನ್ನು ಹಂಚಿಕೊಂಡರೆ ಕಡ್ಡಿ ಪೂರ್ತಿ ತೋರಿಸಿದರೂ ವಿಡಿಯೊ ಓಡುವುದಿಲ್ಲ. ಕಡ್ಡಿ ಹೇಳುವುದು ಸಿಗ್ನಲ್ಲಿನ ಬಲವನ್ನು. ನಮ್ಮ ಪಾಲಿಗೆ ಎಷ್ಟು ಸಿಗುತ್ತದೆ ಎನ್ನುವುದನ್ನಲ್ಲ.

ಹೆದ್ದಾರಿ ಬಿಟ್ಟು ನಾಲೆ ನೀರಿನ ಊರುಗಳ ಕಡೆ ತಿರುಗಿದರೆ ಕಬ್ಬು ಎದುರಾಗುತ್ತದೆ. ಬಲಿತ ಕಬ್ಬು ವ್ಯಾನಿನ ನೆತ್ತಿಗಿಂತ ಎತ್ತರ ಬೆಳೆಯುತ್ತದೆ. ಅದರ ಎಲೆಯಲ್ಲೂ ಜಲ್ಲೆಯಲ್ಲೂ ತುಂಬಿರುವ ನೀರು ರೇಡಿಯೊ ಅಲೆಯನ್ನು ಹೀರುತ್ತದೆ. ಅಲೆ ಗಿಡ್ಡದಾದಷ್ಟೂ ಈ ನಷ್ಟ ಹೆಚ್ಚು. 5ಜಿ ಬಳಸುವ 3500 ಮೆಗಾಹರ್ಟ್ಸ್ ಅಲೆಯ ಉದ್ದ ಒಂಬತ್ತು ಸೆಂ.ಮೀ. ಕೂಡ ಇಲ್ಲ, 700 ಮೆಗಾಹರ್ಟ್ಸ್ ಅಲೆಯದು ಸುಮಾರು 43 ಸೆಂ.ಮೀ. ಹೊಲಗಳ ನಡುವೆ 5ಜಿ ಹಟ ಬಿಟ್ಟು ಫೋನನ್ನು ಸಾಮಾನ್ಯವಾಗಿ ಇನ್ನೂ ಉದ್ದದ ಅಲೆ ಬಳಸುವ 4ಜಿಗೆ ಇಳಿಸಿದರೆ ಎಷ್ಟೋ ಸಲ ಕೆಲಸ ಸರಾಗವಾಗುವುದು ಇದಕ್ಕೇ. ಕಟಾವಾದ ಮೇಲೆ ಅದೇ ಜಾಗದಲ್ಲಿ ಈ ಅಡ್ಡಿ ಇರುವುದಿಲ್ಲ. ಎತ್ತರ ಸಿಗುತ್ತದೆಂದು ನಾಲೆ ಏರಿಯ ಮೇಲೆ ವ್ಯಾನು ನಿಲ್ಲಿಸುವ ಆಸೆ ಮಾತ್ರ ಬೇಡ. ಇಲ್ಲಿನ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಎಷ್ಟು ಜೀವ ನುಂಗಿದೆ ಎಂದು ಮಂಡ್ಯದವರಿಗೆ ಹೇಳಬೇಕಿಲ್ಲ.

ಇನ್ನು ವ್ಯಾನಿನದೇ ಮೈ. ಉಕ್ಕಿನ ತಗಡು ಅಲೆಯನ್ನು ಒಳಬಿಡುವುದಿಲ್ಲ; ಬರುವಷ್ಟು ಬರುವುದು ಕಿಟಕಿಯ ಗಾಜಿನಿಂದ. ಒಳಗೆ ಇಟ್ಟ ದುಬಾರಿ ರೂಟರಿಗಿಂತ ಚಾವಣಿಯ ಮೇಲೆ ಕೂರಿಸಿದ ಸಾಧಾರಣ ಆಂಟೆನಾ ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. 4ಜಿ, 5ಜಿ ಎರಡೂ ಏಕಕಾಲಕ್ಕೆ ಹಲವು ಆಂಟೆನಾಗಳಲ್ಲಿ ಮಾಹಿತಿ ಪಡೆಯುವಂಥವು. ಹಾಗಾಗಿ ಒಂದರ ಬದಲು ಕನಿಷ್ಠ ಎರಡು ಕಡ್ಡಿಯ ಆಂಟೆನಾ ಬೇಕು. ಕೇಬಲ್ಲು ಗಿಡ್ಡವಾಗಿರಲಿ. ತೆಳು ಕೇಬಲ್ಲನ್ನು ಮೀಟರುಗಟ್ಟಲೆ ಎಳೆದರೆ ಮೇಲೆ ಗಳಿಸಿದ್ದು ದಾರಿಯಲ್ಲೇ ಕರಗುತ್ತದೆ. ಪೇಟೆಯಲ್ಲಿ ಸಿಗುವ ಸಿಗ್ನಲ್ ಬೂಸ್ಟರಿನ ತಂಟೆಗೆ ಹೋಗಬಾರದು. ಅನುಮತಿಯಿಲ್ಲದೆ ಅದನ್ನು ಹಾಕುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ, ಮೇಲಾಗಿ ಅದು ಎಬ್ಬಿಸುವ ಗದ್ದಲದಿಂದ ಸುತ್ತಲ ಹಳ್ಳಿಯವರ ಫೋನುಗಳೂ ಕೆಡುತ್ತವೆ.

ಎರಡು ಕಂಪನಿಯ ಸಿಮ್ ಇಟ್ಟುಕೊಂಡರೆ ನಿಶ್ಚಿಂತೆ ಎನ್ನುತ್ತಾರೆ. ಅರ್ಧ ನಿಜ. ಹಲವು ಕಡೆ ಎರಡು ಕಂಪನಿಗಳ ಉಪಕರಣಗಳು ಒಂದೇ ಟವರಿನ ಮೇಲಿರುತ್ತವೆ. ಕರೆಂಟು ಹೋಗಿ ಟವರಿನ ಬ್ಯಾಟರಿ ಬರಿದಾಗಿ, ಜನರೇಟರೂ ಇಲ್ಲದಿದ್ದರೆ ಎರಡೂ ಒಟ್ಟಿಗೆ ಸಾಯುತ್ತವೆ. ಬೇರೆ ಟವರಿನಿಂದ ಬರುವ ಸಿಮ್ಮನ್ನು ಹುಡುಕಿ ಆರಿಸಿದರೆ ಮಾತ್ರ ಎರಡನೆಯದಕ್ಕೆ ಅರ್ಥ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ಟವರುಗಳ ಜಾಗ ನೋಡಬಹುದು. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆ ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ನಿಯಮದಲ್ಲಿ ಕಡ್ಡಾಯ ಮಾಡಿದೆ. ರಾತ್ರಿ ತಂಗುವ ಜಾಗ ಗೊತ್ತು ಮಾಡುವ ಮೊದಲೇ ಇವನ್ನು ನೋಡಿಕೊಳ್ಳಬೇಕು.

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಈ ಯಾವ ಉಪಾಯವನ್ನೂ ನೆಚ್ಚಿಕೊಳ್ಳುವಂತಿಲ್ಲ. ಹಲಗೂರಿನಿಂದ ಕಾವೇರಿಯತ್ತ ಇಳಿದಂತೆ ಗುಡ್ಡಗಳು ಟವರಿಗೂ ವ್ಯಾನಿಗೂ ನಡುವೆ ಬಂದು ನಿಲ್ಲುತ್ತವೆ. ಉದ್ದದ ಅಲೆ ಗುಡ್ಡದ ನೆತ್ತಿಯಲ್ಲಿ ಕೊಂಚ ಬಾಗಿ ಇಳಿದೀತು, ಕಣಿವೆಯ ತಳ ಮುಟ್ಟುವಷ್ಟಲ್ಲ. ಅಲ್ಲಿಗೆ ಉಪಗ್ರಹವೇ ಬರಬೇಕು. 35,786 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದ ಮೂಲಕ ಮಾತಾಡಿದರೆ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಹಿಡಿಯುತ್ತದೆ. ಸ್ಟಾರ್‌ಲಿಂಕ್‌ನ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲೇ ಸುತ್ತುವುದರಿಂದ ಆ ತಡ ಬಹುಪಾಲು ಇಲ್ಲವಾಗುತ್ತದೆ. ಭಾರತದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಆದರೆ ಅದರ ತಟ್ಟೆಗೆ ತೆರೆದ ಆಕಾಶ ಕಾಣಬೇಕು. ಹೊಳೆದಂಡೆಯ ಮತ್ತಿ ಮರದ ನೆರಳು ನಮಗೆ ಹಿತ, ಅದಕ್ಕೆ ಅಡ್ಡಿ. ವಿದ್ಯುತ್ತಿನ ಲೆಕ್ಕವೂ ಇದೆ. ತಟ್ಟೆ ತಿನ್ನುವುದು 60 ವಾಟ್ ಎಂದಿಟ್ಟುಕೊಂಡರೂ, 12 ವೋಲ್ಟ್ 100 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟು ಮಾತ್ರ ಬಳಸಿದರೆ ಹತ್ತು ಗಂಟೆಗೆ ಮುಗಿಯಿತು. ಸದ್ಯಕ್ಕೆ ಮೀಟಿಂಗನ್ನು ಹಲಗೂರಿನಲ್ಲೇ ಮುಗಿಸಿ, ನಕ್ಷೆ ಇಳಿಸಿಕೊಂಡು, ಎಷ್ಟು ಹೊತ್ತಿಗೆ ಮೇಲೆ ಬರುತ್ತೇವೆಂದು ಮನೆಗೆ ತಿಳಿಸಿ ಕೆಳಗಿಳಿಯುವುದು ಒಳ್ಳೆಯದು.