ಪುಟ್ಟ ರೈಲಿನ ಮೇಲೆ ಅಕ್ಷರ ಕೂರಿಸುವ ಕಷ್ಟ

ಒಂದೇ ಎಂಜಿನ್ನು, ಆರು ನಂಬರು. ಇಂಗ್ಲೆಂಡಿನ ಡಾಂಕಾಸ್ಟರ್ ಕಾರ್ಖಾನೆಯಿಂದ 1923ರಲ್ಲಿ ಹೊರಬಂದಾಗ ಅದರ ಸಂಖ್ಯೆ 1472. ಮರುವರ್ಷ ಅದು 4472 ಆಯಿತು. ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಬ ಹೆಸರೂ ಆಗಲೇ ಬಂತು. 1946ರಲ್ಲಿ ಮೊದಲು 502, ಕೆಲವೇ ತಿಂಗಳಲ್ಲಿ 103. ಬ್ರಿಟನ್ನಿನ ರೈಲ್ವೆ ರಾಷ್ಟ್ರೀಕರಣಗೊಂಡ 1948ರ ಆರಂಭದಲ್ಲಿ ಇ103, ವರ್ಷದ ಕೊನೆಗೆ 60103. ಈಗ ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂನ ಸ್ವತ್ತಾಗಿರುವ ಈ ಉಗಿ ಎಂಜಿನ್ನಿನ ಪುಟ್ಟ ಮಾದರಿ ಮಾಡಲು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು, ಯಾವ ವರ್ಷದ ಎಂಜಿನ್ನು ಎಂಬುದನ್ನು.

ಆ ವರ್ಷವನ್ನು ಸಾರಿ ಹೇಳುವುದು ಮೈಮೇಲಿನ ಅಂಕಿ, ಅಕ್ಷರ ಮತ್ತು ಲಾಂಛನ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಡಬಲ್ ಓ’ ಅಳತೆಯಲ್ಲಿ ಮಾದರಿಯ ಗಾತ್ರ ಅಸಲಿಯ 76ರಲ್ಲಿ ಒಂದು ಪಾಲು. ಎಂಟು ಅಂಗುಲ ಎತ್ತರದ ಅಂಕಿ ಇಲ್ಲಿ ಮೂರು ಮಿಲಿಮೀಟರಿಗೂ ಕಡಿಮೆ, ಅಂದರೆ ಅಕ್ಕಿಕಾಳಿನ ಅರ್ಧದಷ್ಟು. ಅದನ್ನು ಕುಂಚದಲ್ಲಿ ಬರೆಯಬಲ್ಲ ಕೈಗಳು ಇಲ್ಲವೆಂದಲ್ಲ, ಬಲು ಅಪರೂಪ. ಉಳಿದವರಿಗೆ ಡೆಕಾಲೇ ಗತಿ.

ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿ, ಅಲ್ಲಿಂದ ಬೇರೊಂದು ವಸ್ತುವಿಗೆ ದಾಟಿಸುವುದು ಹಳೆಯ ವಿದ್ಯೆ. ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬಿಬ್ಬರು ಆರು ಗಂಟೆಗಳಲ್ಲಿ 1200ಕ್ಕೂ ಹೆಚ್ಚು ಗೋಡೆಬಿಲ್ಲೆಗಳ ಮೇಲೆ ಚಿತ್ರ ಮೂಡಿಸಿದೆವೆಂದು 1756ರಲ್ಲೇ ಪ್ರಮಾಣ ಮಾಡಿ ಬರೆದುಕೊಟ್ಟಿದ್ದರು. ಪಡಿಯಚ್ಚು ತೆಗೆಯುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ‘ಡೆಕಾಲ್ಕೊಮೇನಿಯಾ’ ಹುಟ್ಟಿ, ಅದು ಮೊಟಕಾಗಿ ‘ಡೆಕಾಲ್’ ಆಯಿತು. ಇಂಗ್ಲಿಷರು ಇದನ್ನೇ ‘ಟ್ರಾನ್ಸ್‌ಫರ್’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಅಸಲಿ ಎಂಜಿನ್ನುಗಳ ಲಾಂಛನಗಳೂ ಟ್ರಾನ್ಸ್‌ಫರ್‌ಗಳೇ ಆಗಿದ್ದವು.

ಅಲ್ಲೊಂದು ತಮಾಷೆ ನಡೆಯಿತು. 1956ರಲ್ಲಿ ಬ್ರಿಟಿಷ್ ರೈಲ್ವೇಸ್ ಹೊಸ ಲಾಂಛನ ತಂದಿತು. ಕಿರೀಟದಿಂದ ಮೇಲೆದ್ದ ಸಿಂಹ, ಅದರ ಪಂಜಗಳ ನಡುವೆ ಗಾಲಿ. ಎಂಜಿನ್ನಿನ ಎರಡೂ ಬದಿಯಲ್ಲಿ ಸಿಂಹ ಮುಂದಕ್ಕೇ ನೋಡಲಿ ಎಂದು ಎಡಮುಖ, ಬಲಮುಖ ಎರಡೂ ಬಗೆಯನ್ನು ಅಚ್ಚು ಹಾಕಿಸಿದರು. ಆದರೆ ಲಾಂಛನಗಳಿಗೆ ಒಪ್ಪಿಗೆ ಕೊಡುವ ‘ಕಾಲೇಜ್ ಆಫ್ ಆರ್ಮ್ಸ್’ ಮಾನ್ಯ ಮಾಡಿದ್ದು ಎಡಕ್ಕೆ ನೋಡುವ ಸಿಂಹವನ್ನು ಮಾತ್ರ. ಆಕ್ಷೇಪ ಬಂತು. ಆಮೇಲೆ ಎರಡೂ ಬದಿಗೆ ಎಡಮುಖದ ಸಿಂಹವೇ ಅಂಟಿತು. ಹೀಗಾಗಿ ಒಂದು ಬದಿಯಲ್ಲಿ ಅದು ಹಿಂದಕ್ಕೆ ನೋಡುತ್ತಲೇ ಓಡಬೇಕಾಯಿತು. ಮಾದರಿ ಕಟ್ಟುವವರು ಇಂದಿಗೂ ಹಳೆಯ ಫೋಟೋ ಹುಡುಕಿ, ತಮ್ಮ ಎಂಜಿನ್ನಿನ ಬಲಬದಿಯ ಸಿಂಹ ಎತ್ತ ನೋಡುತ್ತಿತ್ತೆಂದು ಖಚಿತಪಡಿಸಿಕೊಂಡೇ ಡೆಕಾಲಿಗೆ ಕೈಹಾಕುತ್ತಾರೆ.

ಇಷ್ಟೆಲ್ಲ ಶ್ರಮಪಟ್ಟು ಅಂಟಿಸಿದ ಸಿಂಹ ಮರುದಿನ ಬೆಳಿಗ್ಗೆ ಬೆಳ್ಳಗಿನ ಮಸುಕಿನೊಳಗೆ ಕೂತಿದ್ದರೆ? ಹವ್ಯಾಸಿಗಳು ‘ಸಿಲ್ವರಿಂಗ್’ ಎಂದು ಕರೆಯುವ ಈ ಪೀಡೆಯೇ ತಿಂಗಳುಗಟ್ಟಲೆಯ ಕೆಲಸವನ್ನು ಕೆಡಿಸುವುದು.

ನೀರಿನ ಡೆಕಾಲಿನ ರಚನೆ ಸರಳ. ಕೆಳಗೆ ಕಾಗದ, ಅದರ ಮೇಲೆ ನೀರಿನಲ್ಲಿ ಕರಗುವ ಗೋಂದು, ಅದರ ಮೇಲೆ ಹಾಲಿನ ಕೆನೆಯಂಥ ತೆಳ್ಳನೆಯ ಪಾರದರ್ಶಕ ಪೊರೆ, ಪೊರೆಯಲ್ಲಿ ಅಚ್ಚಾದ ಚಿತ್ರ. ನೀರಿನಲ್ಲಿ ನೆನೆದಾಗ ಗೋಂದು ಸಡಿಲಗೊಂಡು ಪೊರೆ ಜಾರುತ್ತದೆ. ಮಕ್ಕಳು ಮುಂಗೈ ಮೇಲೆ ನೀರು ಹಚ್ಚಿ ಅಂಟಿಸಿಕೊಳ್ಳುವ ಚಿತ್ರಗಳೂ ಇದೇ ಜಾತಿಯವು.

ಡೆಕಾಲ್ ಕೆಟ್ಟರೆ ಅಂಟು ಸಾಲದೆಂದು ದೂರುವುದು ವಾಡಿಕೆ. ನಿಜವಾದ ಶತ್ರು ಗಾಳಿ. ಹೊಳೆಯುವ ರೈಲು ಆಟಿಕೆಯಂತೆ ಕಾಣುತ್ತದೆಂದು ಮಾದರಿಗೆ ಹೊಳಪಿಲ್ಲದ ಬಣ್ಣ ಹೊಡೆಯುತ್ತಾರೆ. ಅಂಥ ಬಣ್ಣದ ಮೈ ತುಂಬ ಕಣ್ಣಿಗೆ ಕಾಣದ ಉಬ್ಬುತಗ್ಗು; ಬಿದ್ದ ಬೆಳಕನ್ನು ದಿಕ್ಕುದಿಕ್ಕಿಗೆ ಚೆದುರಿಸುವುದರಿಂದಲೇ ಅದು ಹೊಳೆಯುವುದಿಲ್ಲ. ಪೊರೆ ಈ ಉಬ್ಬುಗಳ ತುದಿಯ ಮೇಲೆ ಚಪ್ಪರದಂತೆ ನಿಂತು, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಪೊರೆಯಿಂದ ಗಾಳಿಗೆ, ಗಾಳಿಯಿಂದ ಬಣ್ಣಕ್ಕೆ ದಾಟುವ ಪ್ರತಿ ಗಡಿಯಲ್ಲೂ ಬೆಳಕಿನ ಸುಮಾರು ನೂರಕ್ಕೆ ನಾಲ್ಕು ಪಾಲು ವಾಪಸಾಗುತ್ತದೆ. ಇಂಥ ಗಡಿಗಳು ಸಾವಿರಾರು. ಗಾಜಿನ ಪುಡಿ, ಸಾಬೂನಿನ ನೊರೆ ಬೆಳ್ಳಗೆ ಕಾಣುವುದಕ್ಕೂ ಇದೇ ಕಾರಣ. ಡೆಕಾಲ್ ಒದ್ದೆಯಿರುವಾಗ ತಗ್ಗುಗಳಲ್ಲಿ ನೀರು ತುಂಬಿರುತ್ತದಾದ್ದರಿಂದ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನೀರು ಆರಿ, ಗಾಳಿ ಆ ಜಾಗ ಹಿಡಿದ ಮೇಲೆ ಬಣ್ಣ ಬಯಲು.

ಆದ್ದರಿಂದ ಅರ್ಧ ಕೆಲಸ ಡೆಕಾಲ್ ಮುಟ್ಟುವ ಮೊದಲೇ ಮುಗಿದಿರಬೇಕು. ಬಣ್ಣದ ಮೇಲೆ ಹೊಳಪಿನ ವಾರ್ನಿಷ್ ಬಳಿದರೆ ತಗ್ಗುಗಳು ಮುಚ್ಚಿ ಮೈ ಗಾಜಿನಂತಾಗುತ್ತದೆ. ವಾರ್ನಿಷ್ ಪೂರ್ತಿ ಒಣಗುವ ತನಕ ಕಾಯುವ ತಾಳ್ಮೆ ಮಾತ್ರ ಎಲ್ಲರಿಗೂ ಇರುವುದಿಲ್ಲ. ಬೆರಳಿನ ಜಿಡ್ಡೂ ಸೋಕಬಾರದು. ಜಿಡ್ಡಿನ ಮೇಲೆ ನೀರು ಹರಡದೆ ಹನಿಗಟ್ಟುತ್ತದೆ. ಕತ್ತರಿಸಿದ ಡೆಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೆಲವೇ ಸೆಕೆಂಡು ಅದ್ದಿ ತೆಗೆದು, ಒಂದೆರಡು ನಿಮಿಷ ಹೊರಗಿಡುತ್ತಾರೆ. ನೀರಿನಲ್ಲೇ ತೇಲಲು ಬಿಟ್ಟರೆ ಗೋಂದೆಲ್ಲ ತೊಳೆದುಹೋಗುತ್ತದೆ.

ಮುಂದಿನದು ದ್ರಾವಣಗಳ ಕೆಲಸ. ಅಮೆರಿಕದ ಮೈಕ್ರೋಸ್ಕೇಲ್ ಕಂಪನಿಯ ‘ಮೈಕ್ರೋ ಸೆಟ್’ ಮತ್ತು ‘ಮೈಕ್ರೋ ಸಾಲ್’ ಈ ಹವ್ಯಾಸದಲ್ಲಿ ಮನೆಮಾತು. ವಿನಿಗರಿನ ವಾಸನೆಯ ಮೊದಲನೆಯದನ್ನು ಎಂಜಿನ್ನಿನ ಮೈಗೆ ಸವರಿ, ಅದರ ಮೇಲೆ ಡೆಕಾಲನ್ನು ಜಾರಿಸಿ, ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆಯಬೇಕು. ಎರಡನೆಯದು ಪೊರೆಯನ್ನೇ ಮೆತ್ತಗಾಗಿಸುತ್ತದೆ. ಉಗಿ ಎಂಜಿನ್ನಿನ ಮೈಮೇಲೆ ಸಾಲುಸಾಲು ರಿವೆಟ್ಟುಗಳು. ಗಟ್ಟಿ ಪೊರೆ ಅವುಗಳ ಮೇಲೆ ಡೇರೆ ಕಟ್ಟಿದಂತೆ ನಿಲ್ಲುತ್ತದೆ, ಮೆತ್ತಗಾದದ್ದು ಬಗ್ಗಿ ಕೂರುತ್ತದೆ. ಈ ಹಂತದಲ್ಲಿ ಡೆಕಾಲ್ ಸುಕ್ಕುಗಟ್ಟಿ ಎದೆ ಒಡೆಸುತ್ತದೆ. ಆಗ ಕೈಯಿಟ್ಟವರು ಕೆಟ್ಟರು. ಮುಟ್ಟದೆ ಬಿಟ್ಟರೆ ಆರುತ್ತ ಆರುತ್ತ ತಾನೇ ಚಪ್ಪಟೆಯಾಗುತ್ತದೆ. ಎಲ್ಲಾದರೂ ಬೆಳ್ಳಿ ಚುಕ್ಕೆ ಉಳಿದರೆ ಸೂಜಿಯಿಂದ ಚುಚ್ಚಿ ಮತ್ತೊಂದು ಹನಿ ಬಿಡುವುದುಂಟು. ಕೊನೆಗೆ ಉಳಿದ ಗೋಂದು ಒರೆಸಿ, ಇಡೀ ಎಂಜಿನ್ನಿಗೆ ಹೊಳಪಿಲ್ಲದ ವಾರ್ನಿಷ್.

ಪೊರೆಯ ಕಾಟವೇ ಬೇಡವೆನ್ನುವವರಿಗೆ ಬ್ರಿಟನ್ನಿನ ಹಿಸ್ಟಾರಿಕಲ್ ಮಾಡೆಲ್ ರೈಲ್ವೆ ಸೊಸೈಟಿಯ ‘ಮೆಥ್‌ಫಿಕ್ಸ್’ ಇದೆ. ಅದು ಕೂರುವುದು ಮೆಥಿಲೇಟೆಡ್ ಸ್ಪಿರಿಟ್ಟಿನಿಂದ.

ಮನೆಯಲ್ಲೇ ಡೆಕಾಲ್ ಅಚ್ಚು ಹಾಕಬಹುದಲ್ಲ ಎಂದರೆ, ಬಿಳಿ ಬಣ್ಣ ಅಡ್ಡ ಬರುತ್ತದೆ. ಸಾಧಾರಣ ಪ್ರಿಂಟರು ಕಾಗದದ ಬಿಳುಪನ್ನೇ ನೆಚ್ಚಿಕೊಂಡದ್ದು. ಕಪ್ಪು ಎಂಜಿನ್ನಿನ ಮೇಲೆ ಬಿಳಿ ಅಂಕಿ ಅದರಿಂದಾಗದು. 1990ರ ದಶಕದಲ್ಲಿ ಬಂದ ಜಪಾನಿನ ಆಲ್ಪ್ಸ್ ಪ್ರಿಂಟರುಗಳು ಬಿಳಿಯನ್ನೂ ಮುದ್ರಿಸುತ್ತಿದ್ದವು. ಅವುಗಳ ತಯಾರಿಕೆ ನಿಂತುಹೋಗಿದೆ. ಹೀಗಾಗಿ, ಅಮೆರಿಕದಲ್ಲಿ 1968ರ ವಿಲೀನದಲ್ಲಿ ಮರೆಯಾದ ಪೆನ್ಸಿಲ್ವೇನಿಯಾ ರೈಲ್‌ರೋಡಿನಂಥ ದೊಡ್ಡ ಸಂಸ್ಥೆಯ ಅಕ್ಷರಗಳು ಇಂದಿಗೂ ಸಿಕ್ಕಾವು. ಯಾರೂ ನೆನಪಿಡದ ಸಣ್ಣ ರೈಲ್ವೆಯದು ಬೇಕಾದರೆ ಎಷ್ಟೋ ಸಲ ಹಳೆಯ ಹಾಳೆಯೊಂದೇ ಆಧಾರ. ಹಳೆಯ ಪೊರೆ ಹಪ್ಪಳದಂತೆ ಪೆಡಸಾಗಿರುತ್ತದೆ. ಬಲ್ಲವರು ಮೊದಲು ಬೇಡವಾದ ಒಂದು ಅಂಕಿಯನ್ನು ಕತ್ತರಿಸಿ ನೀರಿಗೆ ಹಾಕಿ ನೋಡುತ್ತಾರೆ. ಅದು ಚೂರುಚೂರಾದರೆ ಉಳಿದ ಹಾಳೆಯ ಮೇಲೆ ತೆಳ್ಳಗೆ ವಾರ್ನಿಷ್ ಬಳಿದು ಹೊಸ ಪೊರೆ ಕಟ್ಟಿಸುತ್ತಾರೆ. ಆದರೆ ಈ ಪೊರೆ ಇಡೀ ಹಾಳೆಯನ್ನು ಮುಚ್ಚಿರುವುದರಿಂದ, ಆಮೇಲೆ ಪ್ರತಿ ಅಂಕಿಯನ್ನೂ ಅದರ ಅಂಚಿಗೇ ಸರಿಯಾಗಿ, ಹರಿತವಾದ ಹೊಸ ಬ್ಲೇಡಿನಿಂದ ಕತ್ತರಿಸಿಕೊಳ್ಳಬೇಕಾಗುತ್ತದೆ.