ಗೋಲು ಎಷ್ಟು ಎನ್ನುವ ಮೊದಲು, ಆಡಿದ್ದು ಎಷ್ಟು ಹೊತ್ತು ಎಂದು ಕೇಳಿ



ಬೇಲಾಪುರದಿಂದ ವಾಶಿ ಕಡೆಗೆ ಲೋಕಲ್ ಹತ್ತಿದರೆ ಎರಡನೆಯ ಸ್ಟೇಷನ್ ನೆರೂಳ್. ಅಲ್ಲಿನ ಡಿ.ವೈ. ಪಾಟೀಲ್ ಸ್ಟೇಡಿಯಂ ನಿಮಗೆಲ್ಲ ಗೊತ್ತೇ ಇದೆ. 2017ರ ಅಕ್ಟೋಬರ್ 25ರಂದು ಅಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್ ನಡೆಯಿತು. ಸ್ಪೇನ್ 3-1ರಿಂದ ಮಾಲಿಯನ್ನು ಸೋಲಿಸಿತು. ಅಬೆಲ್ ರೂಯಿಜ್ ಎರಡು ಗೋಲು ಹೊಡೆದರೆ, ಫೆರಾನ್ ಟೋರೆಸ್ ಒಂದು.

ಅದೇ ವಿಶ್ವಕಪ್‌ನಲ್ಲಿ, ದಿಲ್ಲಿಯಲ್ಲಿ, ಭಾರತದ ಪರ ಫಾರ್ವರ್ಡ್ ಆಗಿ ಆಡಿದವರು ಕೊಲ್ಹಾಪುರದ ಅನಿಕೇತ್ ಜಾಧವ್. ನಮ್ಮ ಬೆಳಗಾವಿಯ ನೆರೆಯೂರಿನವರು! ಮೂವರೂ ಒಂದೇ ವಯಸ್ಸಿನ ಹುಡುಗರು. ಮುಂದೇನಾಯಿತು?

ನವೆಂಬರ್ ಕೊನೆಯಲ್ಲಿ ಟೋರೆಸ್‌ಗೆ ವೆಲೆನ್ಸಿಯಾದ ಹಿರಿಯರ ತಂಡದಲ್ಲಿ ಆಡುವ ಅವಕಾಶ ಸಿಕ್ಕಿತು. ಎರಡು ಗೋಲಿನ ರೂಯಿಜ್ ಮಾತ್ರ ಬಾರ್ಸಿಲೋನಾದ ಪರ ಲೀಗ್ ಪಂದ್ಯ ಆಡಲು 2019ರವರೆಗೆ ಕಾಯಬೇಕಾಯಿತು. ಅಲ್ಲಿ ಮುಂಚೂಣಿಯಲ್ಲಿ ಮೆಸ್ಸಿ, ಸುಆರೆಸ್ ಇದ್ದರಲ್ಲ!

ಫಾರ್ವರ್ಡ್‌ನ ಕಷ್ಟ ಇದೇ. ತಂಡದಲ್ಲಿ ಆ ಜಾಗ ಇರುವುದೇ ಒಂದೋ ಎರಡೋ. ಗೆಲ್ಲಲೇಬೇಕಾದ ಕೋಚ್ ಅದನ್ನು ಹೊಸಬನಿಗೆ ಸುಲಭವಾಗಿ ಕೊಡುವುದಿಲ್ಲ. ಆದರೆ ಪಂದ್ಯ ಆಡದೆ ಹುಡುಗ ಬೆಳೆಯುವುದೂ ಇಲ್ಲ.

ನಮ್ಮಲ್ಲಿ ಇದಕ್ಕೊಂದು ಉಪಾಯ ಇತ್ತು: ಇಂಡಿಯನ್ ಆ್ಯರೋಸ್. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ನಡೆಸುತ್ತಿದ್ದ, ವಿದೇಶೀಯರೇ ಇಲ್ಲದ ಎಳೆಯರ ತಂಡ. 2017ರ ನವೆಂಬರ್ 29ರಂದು ಐ-ಲೀಗ್‌ನಲ್ಲಿ ಅದು ಚೆನ್ನೈ ಸಿಟಿಯನ್ನು 3-0ರಿಂದ ಸೋಲಿಸಿದಾಗ ಎರಡು ಗೋಲು ಅನಿಕೇತ್ ಅವರದು.

ಬಳಿಕ ಅವರು ಐಎಸ್‌ಎಲ್‌ಗೆ ಬಂದರು. ಮೊದಲು ಜಮ್‌ಶೆಡ್‌ಪುರ, ಆಮೇಲೆ ಹೈದರಾಬಾದ್. 2021-22ರಲ್ಲಿ ಹೈದರಾಬಾದ್ ಟ್ರೋಫಿಯನ್ನೇ ಗೆದ್ದಿತು. ಆದರೆ ಅಲ್ಲಿ ಗೋಲು ಹೊಡೆಯುವ ಕೆಲಸ ನೈಜೀರಿಯಾದ ಒಗ್ಬೆಚೆ ಅವರದು; ಆ ಸೀಸನ್‌ನಲ್ಲಿ ಅವರೊಬ್ಬರದೇ 18 ಗೋಲು. ಅನಿಕೇತ್ ಆಡಿದ್ದು ವಿಂಗ್‌ನಲ್ಲಿ. ಅದೇ ತಂಡದಲ್ಲಿ ವಿಂಗರ್ ಆಗಿದ್ದ ನಿಖಿಲ್ ಪೂಜಾರಿ ಇನ್ನೂ ಹಿಂದೆ ಸರಿದು ರೈಟ್ ಬ್ಯಾಕ್ ಆದರು. ಇದು ಸೋಲಲ್ಲ, ಮೈದಾನದಲ್ಲಿ ಉಳಿಯುವ ದಾರಿ. ಆದರೆ ದೇಶಕ್ಕೆ ಗೋಲು ಹೊಡೆಯುವವರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಇಂಡಿಯನ್ ಆ್ಯರೋಸ್ ಕೂಡ 2022ರಲ್ಲಿ ನಿಂತುಹೋಯಿತು.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಸ್ಟ್ರೈಕರ್ ಆಗುತ್ತೇನೆ ಎನ್ನುತ್ತಿದ್ದರೆ ಬೇಡ ಎನ್ನಬೇಡಿ. ಅಕಾಡೆಮಿಗೆ ಸೇರಿಸುವ ಮುನ್ನ ಜೆರ್ಸಿಯ ಅಂದ ನೋಡಿ ಮರುಳಾಗದೆ ಕೋಚ್ ಹತ್ತಿರ ಎರಡೇ ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ಪಂದ್ಯ? ಅದರಲ್ಲಿ ನಮ್ಮ ಮಗುವಿಗೆ ಎಷ್ಟು ನಿಮಿಷ? ಸಂಜೆ ಮನೆಗೆ ಬಂದ ಮಗುವಿಗೂ ಅದೇ ಪ್ರಶ್ನೆ. ಎಷ್ಟು ಗೋಲು ಎಂಬುದನ್ನು ಆಮೇಲೆ ಕೇಳಿದರಾಯಿತು.